ಕುಟ್ರು ಹಕ್ಕಿಯ ಮನೆ ಪಾಲು

ನಸುಕಿನಲ್ಲಿ ಹಾಲು ಕಾಯಿಸಲೆಂದು ಅಡುಗೆಮನೆಯಲ್ಲಿ ನಿಂತಾಗ ಕಿಟಕಿಯಾಚೆಯಿಂದ “ಟ್ರ್‌ರ್‌ರ್... ಕುಟ್ರೂ, ಕುಟ್ರೂ, ಕುಟ್ರೂ” ಎಂಬ ಕೂಗು ನಿಮ್ಮ ಕಿವಿಗೂ ಬಿದ್ದಿರಬೇಕು. ಒಂದು ಮರದಲ್ಲಿ ಶುರುವಾಯಿತೆಂದರೆ ಆಚೆ ಬೀದಿಯ ಮರದಿಂದ ಇನ್ನೊಂದು ಉತ್ತರ ಕೊಡುತ್ತದೆ; ಮೂರನೆಯದು ಅದಕ್ಕೆ ದನಿಗೂಡಿಸುತ್ತದೆ. ಒಲೆ ಸಣ್ಣದು ಮಾಡಿ ಹೊರಗೆ ಹೋಗಿ ನೋಡಿದರೆ ಮರದ ತುಂಬ ಎಲೆಯೇ ಎಲೆ, ಹಕ್ಕಿ ಮಾತ್ರ ಇಲ್ಲ! ಎಲೆಯ ಬಣ್ಣವೇ ಮೈಬಣ್ಣವಾದ ಮೇಲೆ ಅದು ಕಾಣುವುದಾದರೂ ಹೇಗೆ, ಹೇಳಿ?

ಅದೇ ಕುಟ್ರು ಹಕ್ಕಿ. ಮದುವೆಯಾಗಿ ಮಲೆನಾಡಿನ ಮನೆಗೆ ಸೊಸೆಯಾಗಿ ಹೋಗುವವರೆಗೆ ನಾನೂ ಅದನ್ನು ಗಿಳಿಯ ಕೂಗು ಎಂದೇ ತಿಳಿದಿದ್ದೆ. “ಗಿಳಿ ಅಲ್ಲ ಮಾರಾಯ್ತಿ, ಕುಟ್ರು!” ಎಂದು ನಮ್ಮತ್ತೆ ನಕ್ಕಿದ್ದು ಇಂದಿಗೂ ನೆನಪಿದೆ. ಕಳೆದ ವರ್ಷ ಮಾರ್ಚಿಯಲ್ಲಿ ಅದೇ ಮನೆಗೆ ಹೋಗಬೇಕಾಗಿ ಬಂತು. ಹೋದದ್ದು ಹಕ್ಕಿ ನೋಡುವುದಕ್ಕಲ್ಲ, ಮನೆ ಪಾಲಾಗುವುದಿತ್ತು. ಆದರೆ ಪಾಲಿನ ಗಲಾಟೆಯ ನಡುವೆ ಹಕ್ಕಿಯೇ ಬಂದು ಕೂತಿತು. ಆ ಪ್ರವಾಸದ ಕತೆಯನ್ನು ನಿಮಗೆ ಹೇಳಬೇಕೆನಿಸಿದೆ. ನೀವೂ ಒಮ್ಮೆ ಆ ಕಡೆ ಹೋಗಿಬರುವಂತಾದರೆ ಇನ್ನೂ ಒಳ್ಳೆಯದೇ.

ತುಂಗೆಯ ದಂಡೆಗುಂಟ

ಬೆಂಗಳೂರಿನಿಂದ ರಾತ್ರಿಯ ರೈಲು ಹತ್ತಿದರೆ ಬೆಳಗಾಗುವಷ್ಟರಲ್ಲಿ ಶಿವಮೊಗ್ಗ. ಅಲ್ಲಿ ಬಿಸಿ ಕಾಫಿ ಕುಡಿದು ತೀರ್ಥಹಳ್ಳಿಯ ಬಸ್ಸು ಹಿಡಿಯಿರಿ. ಸುಮಾರು 60 ಕಿಲೋಮೀಟರ್ ದಾರಿ. ಸಾಧ್ಯವಾದರೆ ಕಿಟಕಿಯ ಪಕ್ಕ ಕೂತುಕೊಳ್ಳಿ. ಮರಗಳ ಸಂದಿಯಲ್ಲಿ ತುಂಗಾ ನದಿ ಆಗಾಗ ಮುಖ ತೋರಿಸಿ ಮರೆಯಾಗುತ್ತಿರುತ್ತದೆ. ದಾರಿಯಲ್ಲೇ ಸಕ್ರೆಬೈಲಿನ ಆನೆ ಬಿಡಾರ ಸಿಗುತ್ತದೆ. ಬೆಳಿಗ್ಗೆ ಬೇಗ ಹೋದವರಿಗೆ ನೀರಿಗಿಳಿದು ಮೈ ತಿಕ್ಕಿಸಿಕೊಳ್ಳುವ ಆನೆಗಳನ್ನು ನೋಡುವ ಭಾಗ್ಯ. ಮುಂದೆ ಮಂಡಗದ್ದೆ. ಮಳೆಗಾಲದಲ್ಲಿ ಹೊಳೆ ನಡುವಿನ ಮರಗಳೆಲ್ಲ ಬೆಳ್ಳಕ್ಕಿಗಳಿಂದ ಬೆಳ್ಳಗಾಗುವ ಜಾಗ ಅದು. ನಾವು ಹೋದದ್ದು ಬೇಸಿಗೆಯಾದ್ದರಿಂದ ಮರಗಳು ಬರೀ ಹಸಿರಾಗಿದ್ದವು.

ತೀರ್ಥಹಳ್ಳಿ ದಾಟಿ ಆಗುಂಬೆಯ ಕಡೆ ತಿರುಗಿದ ಮೇಲೆ ಗಾಳಿಯೇ ಬೇರೆ. ಅಡಿಕೆ ತೋಟ, ಗದ್ದೆ, ಮತ್ತೆ ಕಾಡು. ನಮ್ಮವರು ಹೊಸದಾಗಿ ಕೊಂಡ ದುರ್ಬೀನನ್ನು ಕೊರಳಿಗೆ ಹಾಕಿಕೊಂಡು ಗಂಭೀರವಾಗಿ ಕೂತಿದ್ದರು. ಆ ದುರ್ಬೀನು ಅಲ್ಲಿಯವರೆಗೆ ಕಂಡದ್ದು ಎದುರು ಮೈದಾನದ ಕ್ರಿಕೆಟ್ಟನ್ನು ಮಾತ್ರ, ಆ ಮಾತು ಬೇರೆ!

ಬಸ್ಸಿಳಿದು ಮನೆಯ ದಾರಿ ಹಿಡಿದರೆ ತಿರುವಿನಲ್ಲೇ ಒಂದು ದೊಡ್ಡ ಬಸರಿ ಮರ. ಅಂದು ಅದು ಹಣ್ಣು ಬಿಟ್ಟಿತ್ತು. ಹಣ್ಣು ಬಿಟ್ಟ ಬಸರಿ ಮರವೆಂದರೆ ಮದುವೆ ಮನೆಯ ಹಾಗೆ. ಹಸಿರು ಪಾರಿವಾಳ, ಬೆಟ್ಟದ ಮೈನಾ, ಕೆಂಚಳಿಲು, ಮಂಗಟ್ಟೆ, ಎಲ್ಲರೂ ಒಂದೇ ಪಂಕ್ತಿಗೆ ಬಂದಿದ್ದರು. ಅವರ ನಡುವೆ ದಪ್ಪ ತಲೆ, ಮೋಟು ಬಾಲದ ನಮ್ಮ ಕುಟ್ರು ಹಕ್ಕಿಗಳು. ಊಟದಲ್ಲಿ ಅವುಗಳಿಗೆ ದಾಕ್ಷಿಣ್ಯ ಎಂಬುದೇ ಇಲ್ಲ. ಪಕ್ಕಕ್ಕೆ ಬಂದ ಮೈನಾ, ಕೋಗಿಲೆಗಳನ್ನು ಅಟ್ಟಿಸಿಕೊಂಡು ಹೋಗುತ್ತವೆ. ಬಡಿಸುವಾಗ ಪಕ್ಕದೆಲೆಯ ಹೋಳಿಗೆಯ ಮೇಲೆ ಕಣ್ಣಿಡುವ ನೆಂಟರು ನಿಮ್ಮಲ್ಲೂ ಇಲ್ಲವೇ?

ಆಲ, ಅತ್ತಿ, ಬಸರಿ, ಅರಳಿ, ಈ ಜಾತಿಯ ಮರಗಳು ಎಲ್ಲವೂ ಒಟ್ಟಿಗೆ ಹಣ್ಣಾಗುವುದಿಲ್ಲ. ಈ ತಿಂಗಳು ಇದು, ಮುಂದಿನ ತಿಂಗಳು ಇನ್ನೊಂದು. ಆದ್ದರಿಂದಲೇ ಬೇರೆ ಹಣ್ಣಿಲ್ಲದ ದಿನಗಳಲ್ಲೂ ಕಾಡಿನ ಹಕ್ಕಿಗಳ ಹೊಟ್ಟೆ ನಡೆಯುತ್ತದೆ. ಕುಟ್ರು ಹಕ್ಕಿ ಹಣ್ಣು ತಿಂದು ಬೀಜವನ್ನು ಬೇರೆಡೆ ಹಾಕುತ್ತದೆ; ಅಲ್ಲೊಂದು ಹೊಸ ಗಿಡ. ಬೇಕಾದ ನೀರು ಬಹುಪಾಲು ಹಣ್ಣಿನಲ್ಲೇ ಸಿಗುವುದರಿಂದ ಅದು ಕೆಳಗಿಳಿದು ಬರುವುದೂ ಅಪರೂಪ.

ನಾಲ್ಕು ಜನ ನಮ್ಮವರು

ಕುಟ್ರು ಹಕ್ಕಿಯಲ್ಲಿ ಒಂದೇ ಬಗೆಯೆಂದುಕೊಳ್ಳಬೇಡಿ. ನಮ್ಮ ದೇಶದಲ್ಲಿ ಒಂಬತ್ತು ಬಗೆ. ಹಿಮಾಲಯದ ಕಡೆ ಇರುವ ದೊಡ್ಡ ಕುಟ್ರು ಒಂದು ಅಡಿಗೂ ಮೀರಿದ ದೈತ್ಯ. ಕರ್ನಾಟಕದಲ್ಲಿ ಕಾಣುವವು ನಾಲ್ಕು. ಗುರುತು ಹೇಳುತ್ತೇನೆ, ನೆನಪಿಟ್ಟುಕೊಳ್ಳಿ.

ಮೊದಲನೆಯದು ಬಿಳಿಗೆನ್ನೆಯ ಕುಟ್ರು. ಹಸಿರು ಮೈ, ಕಂದು ತಲೆ. ಕಣ್ಣಿನ ಮೇಲೂ ಕೆನ್ನೆಗೂ ಸುಣ್ಣ ಬಳಿದಂಥ ಬಿಳಿಯ ಪಟ್ಟಿ. ಉದ್ದ ಸುಮಾರು 23 ಸೆಂಟಿಮೀಟರ್. ಮಲೆನಾಡಿನಲ್ಲೂ ಬೆಂಗಳೂರಿನ ತೋಟಗಳಲ್ಲೂ “ಕುಟ್ರೂ” ಎನ್ನುವುದು ಹೆಚ್ಚಾಗಿ ಇದೇ. ಪಶ್ಚಿಮ ಘಟ್ಟ ಮತ್ತು ಅದಕ್ಕೆ ಹೊಂದಿದ ಬೆಟ್ಟಸೀಮೆ ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಇದು ಇಲ್ಲ.

ಎರಡನೆಯದು ಕಂದುತಲೆಯ ಕುಟ್ರು. ಮೊದಲಿನದಕ್ಕಿಂತ ಒಂದು ಸುತ್ತು ದೊಡ್ಡದು. ಕಣ್ಣಿನ ಸುತ್ತ ಅರಿಸಿನ-ಕಿತ್ತಳೆ ಬಣ್ಣದ ಬರಿ ಚರ್ಮ. ಇದಕ್ಕೆ ಸ್ವಲ್ಪ ಒಣ ಸೀಮೆಯೇ ಇಷ್ಟ.

ಮೂರನೆಯದು ಕಂಚುಕುಟಿಗ. ಗುಬ್ಬಚ್ಚಿಗಿಂತ ತುಸು ದೊಡ್ಡದು, ಅಷ್ಟೆ. ಹಣೆಗೆ ಕುಂಕುಮ, ಎದೆಗೊಂದು ಕೆಂಪು ಪಟ್ಟಿ, ಕಣ್ಣಿನ ಸುತ್ತ ಹಳದಿ, ಕೆಂಪು ಕಾಲು. ಪೂರಾ ಸಿಂಗಾರಗೊಂಡ ಮದುವಣಗಿತ್ತಿ! ಮಟಮಟ ಮಧ್ಯಾಹ್ನ “ಟಕ್, ಟಕ್, ಟಕ್” ಎಂದು ಸೆಕೆಂಡಿಗೆ ಸುಮಾರು ಎರಡರಂತೆ ಎಡೆಬಿಡದೆ ತಾಮ್ರ ಬಡಿಯುವುದು ಇದೇ. ಕೂಗುವಾಗ ಇದರ ಕೊಕ್ಕು ಮುಚ್ಚಿಯೇ ಇರುತ್ತದೆ, ಗಂಟಲು ಮಾತ್ರ ಉಬ್ಬಿ ಇಳಿಯುತ್ತದೆ. ತಲೆಯನ್ನು ಅತ್ತಿತ್ತ ಆಡಿಸುವುದರಿಂದ ಸದ್ದು ಯಾವ ಕಡೆಯಿಂದ ಬಂತೆಂದೇ ತಿಳಿಯದು.

ನಾಲ್ಕನೆಯದನ್ನು ನೋಡಲು ಮಾತ್ರ ಕಾಡಿಗೇ ಹೋಗಬೇಕು. ಮಲಬಾರ್ ಕುಟ್ರು. ಗೋವೆಯಿಂದ ಕೇರಳದ ದಕ್ಷಿಣದವರೆಗಿನ ಘಟ್ಟದ ಒದ್ದೆ ಕಾಡುಗಳೇ ಅದರ ಮನೆ. ಹಸಿರು ಮೈಗೆ ಮುಖ, ಗಂಟಲು, ಎದೆಯ ಮೇಲ್ಭಾಗವೆಲ್ಲ ಕಡುಗೆಂಪು, ಅಂಚಿಗೆ ನೀಲಿ. ಹಸಿರು ಸೀರೆಗೆ ಕೆಂಪು ಕುಪ್ಪಸ, ನೀಲಿ ಅಂಚು ಎಂದರೆ ನಿಮಗೆ ಬೇಗ ಅರ್ಥವಾದೀತು. ಕೂಗು ಕಂಚುಕುಟಿಗನದರಂತೆಯೇ, ಆದರೆ ಅದಕ್ಕಿಂತ ಅವಸರದ್ದು. ಆಗುಂಬೆ ಘಾಟಿಯ ಅಂಚಿನಲ್ಲಿ ಇದನ್ನು ನಾನು ಮೊದಲ ಸಲ ನೋಡಿದಾಗ, ಇಷ್ಟು ಸಣ್ಣ ಹಕ್ಕಿಗೆ ಇಷ್ಟೊಂದು ಬಣ್ಣವೇ ಎಂದು ಬಾಯಿ ತೆರೆದು ನಿಂತುಬಿಟ್ಟೆ. ದುರ್ಬೀನು ಕಿತ್ತುಕೊಂಡದ್ದಕ್ಕೆ ನಮ್ಮವರು ಸಂಜೆಯವರೆಗೆ ಮಾತಾಡಲಿಲ್ಲ.

ಹಾಲವಾಣದ ಮರ

ಇನ್ನು ಮನೆಯ ವಿಷಯ. ಭಾವ ಮತ್ತು ಮೈದುನ ಊರಲ್ಲಿರುವವರು. ನಮ್ಮವರು ನಡುವಿನವರು, ಪೇಟೆ ಸೇರಿದವರು. ಮಾವನವರು ಹೋದ ಮೇಲೂ ಎಂಟು ವರ್ಷ ಒಂದೇ ಒಲೆಯಲ್ಲಿ ಅಡುಗೆಯಾಗಿತ್ತು. ಈಗ ಮಕ್ಕಳು ದೊಡ್ಡವರಾದರು. ಪಾಲು ಮಾಡಿಕೊಳ್ಳುವುದೆಂದು ಮಾತಾಯಿತು. ಜಗಳವೇನಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಎಲ್ಲರೂ ಅದನ್ನೇ ಮತ್ತೆ ಮತ್ತೆ ಹೇಳುವಾಗ ಒಳಗೆ ಏನೋ ಇದೆಯೆಂದು ಹೆಂಗಸರಾದ ನಮಗೆ ತಿಳಿಯದೆ ಇರುತ್ತದೆಯೇ?

ಕೊಟ್ಟಿಗೆಯ ಹಿಂದೆ ಒಂದು ಹಳೆಯ ಹಾಲವಾಣದ ಮರ. ಅರ್ಧ ಒಣಗಿತ್ತು, ಕೊಟ್ಟಿಗೆಯ ಮೇಲೆ ವಾಲಿತ್ತು. ಹಿಂದಿನ ಮಳೆಗಾಲದಲ್ಲಿ ಅದರ ಒಂದು ಕೊಂಬೆ ಬಿದ್ದು ಹೆಂಚು ಒಡೆದು, ಕರು ಕೂದಲೆಳೆಯಲ್ಲಿ ಉಳಿದಿತ್ತು. ಕೊಟ್ಟಿಗೆ ಮೈದುನನ ಪಾಲಿಗೆ. ಮರ ನಿಂತದ್ದು ಸರಿಯಾಗಿ ಗಡಿಯಲ್ಲಿ. ಕಡಿಸುವ ಖರ್ಚು ಯಾರದು, ಸೌದೆ ಯಾರಿಗೆ ಎಂದು ಮಾತಿಗೆ ಮಾತು ಬೆಳೆದಿತ್ತು. ಹಾಲವಾಣದ ಸೌದೆ ಉರಿಯುವುದಕ್ಕಿಂತ ಹೊಗೆಯುವುದೇ ಹೆಚ್ಚು, ಅದಕ್ಕೂ ಪೈಪೋಟಿ! ಕೊನೆಗೆ ಭಾವನೇ “ನಾಳೆ ಆಳು ಬರ್ತಾನೆ, ಬುಡಕ್ಕೇ ಕಡಿದು ಹಾಕಿದ್ರೆ ತಕರಾರೇ ಇಲ್ಲ” ಎಂದುಬಿಟ್ಟರು.

ಅಂದು ಸಂಜೆ ಕೊಟ್ಟಿಗೆಯ ಹಿಂದೆ ಬಟ್ಟೆ ತೆಗೆಯಲು ಹೋದವಳು ಆ ಮರದ ಕಡೆ ನೋಡಿದೆ. ಒಣಗಿದ ಕಾಂಡದಲ್ಲಿ, ಮೇಲೆ, ಬೈರಿಗೆಯಿಂದ ಕೊರೆದಂತೆ ದುಂಡನೆಯ ಒಂದು ತೂತು. ನೋಡುತ್ತಿದ್ದ ಹಾಗೆ ಹಸಿರು ಹಕ್ಕಿಯೊಂದು ಬಾಯಲ್ಲಿ ಹುಳ ಕಚ್ಚಿಕೊಂಡು ಬಂದು ತೂತಿನ ಬಾಯಿಗೆ ಅಂಟಿಕೊಂಡಿತು. ಒಳಗಿನಿಂದ ಸಣ್ಣ ಚೀರಾಟ. ನನ್ನ ಎದೆ ಧಸಕ್ಕೆಂದಿತು.

ಇಲ್ಲಿ ನಿಮ್ಮ ಮುಂದೆ ಒಂದು ತಪ್ಪು ಒಪ್ಪಿಕೊಳ್ಳಬೇಕು. ಅದಕ್ಕೂ ಎರಡು ವರ್ಷ ಹಿಂದೆ ಬೆಂಗಳೂರಿನ ನಮ್ಮ ಹಿತ್ತಿಲಲ್ಲಿ ನುಗ್ಗೆ ಮರದ ಒಣ ಕೊಂಬೆಯನ್ನು ನಾನೇ ನಿಂತು ಕಡಿಸಿದ್ದೆ. ಬಟ್ಟೆ ಒಣಹಾಕುವ ತಂತಿಗೆ ಅಡ್ಡ ಬರುತ್ತದೆಂಬುದು ಕಾರಣ. ಕೊಂಬೆ ಕೆಳಗೆ ಬಿದ್ದಾಗ ಅದರ ತಳಭಾಗದ ತೂತಿನಿಂದ ಎರಡು ಮರಿಗಳು ಉರುಳಿ ಬಂದವು, ಕಣ್ಣು ಇನ್ನೂ ತೆರೆದಿರಲಿಲ್ಲ. ಕಂಚುಕುಟಿಗನ ಮರಿಗಳು. ಹತ್ತಿ ಹಾಸಿದ ಡಬ್ಬಿಯಲ್ಲಿಟ್ಟು ಏನೇನೋ ಮಾಡಿದೆ. ಸಂಜೆಯೊಳಗೆ ಎರಡೂ ಹೋದವು. ತಾಯಿ ಹಕ್ಕಿ ಮೂರು ದಿನ ಆ ಖಾಲಿ ಜಾಗದ ಪಕ್ಕ ಬಂದು ಕೂತು ಹೋಗುತ್ತಿತ್ತು. ಆ ತಂತಿಯಲ್ಲಿ ಬಟ್ಟೆ ಹಾಕುವಾಗಲೆಲ್ಲ ನನಗೆ ಅದೇ ನೆನಪು. ಕುಟ್ರು ಹಕ್ಕಿಗಳ ವಿಷಯ ಹುಡುಕಿ ಹುಡುಕಿ ಓದತೊಡಗಿದ್ದು ಆಮೇಲೆಯೇ.

ಎಪ್ಪತ್ತಾರು ದಿನದ ಲೆಕ್ಕ

ರಾತ್ರಿ ಊಟಕ್ಕೆ ಬಿಸಿ ಅನ್ನ, ಒಂದೆಲಗದ ತಂಬುಳಿ, ಹೊಸ ಮಾವಿನ ಮಿಡಿ. ಯಾರಿಗೂ ಅದರ ರುಚಿಯ ಮೇಲೆ ಗಮನವಿಲ್ಲ. ಧೈರ್ಯ ಮಾಡಿ ಬಾಗಿಲ ಬಳಿ ನಿಂತು ಹೇಳಿದೆ: “ಭಾವಾ, ಆ ಮರದಲ್ಲಿ ಕುಟ್ರು ಮರಿ ಮಾಡಿದೆ. ಒಂದು ತಿಂಗಳು ತಡೆದು ಕಡಿಸಬಹುದಾ?”

ಭಾವ ತಲೆಯೆತ್ತಲಿಲ್ಲ. “ಆಳು ಸಿಗೋದೇ ಕಷ್ಟ ಇದೆ. ಮರಿ ಹಾರಿ ಹೋಗೋವರೆಗೆ ಕಾಯ್ತಾ ಕೂತ್ರೆ ಮಳೆ ಬಂದು ಕೊಟ್ಟಿಗೆ ಮೇಲೆ ಬೀಳ್ತದೆ. ಕರು ಸತ್ರೆ ಯಾರು ಹೊಣೆ?” ಎಂದರು. ಅವರ ಮಾತಲ್ಲೂ ನ್ಯಾಯವಿತ್ತು, ಇಲ್ಲವೆನ್ನಲಾರೆ. ಹಕ್ಕಿಗೆ ಮರುಗುವ ಪೇಟೆಯವಳು ಕರುವನ್ನು ಕಟ್ಟಿ ಸಾಕುವವಳಲ್ಲವಲ್ಲ!

ಓದಿದ್ದು ಆಗ ಉಪಯೋಗಕ್ಕೆ ಬಂತು. ಬಿಳಿಗೆನ್ನೆಯ ಕುಟ್ರು ಗೂಡು ಕೊರೆಯಲು ಸುಮಾರು ಇಪ್ಪತ್ತು ದಿನ ಹಿಡಿಯುತ್ತದೆ. ಕೊರೆದಾದ ಮೂರು-ಐದು ದಿನಕ್ಕೆ ಮೊಟ್ಟೆ, ಸಾಮಾನ್ಯವಾಗಿ ಮೂರು. ಕಾವು ಹದಿನಾಲ್ಕು-ಹದಿನೈದು ದಿನ. ಹಗಲು ಗಂಡು ಹೆಣ್ಣು ಸರದಿಯಲ್ಲಿ ಕೂರುತ್ತವೆ. ರಾತ್ರಿಯ ಪಾಳಿ ಮಾತ್ರ ತಾಯಿಯದೇ. (ಎಲ್ಲ ಕಡೆಯೂ ಹೀಗೇ ನೋಡಿ!) ಮರಿಗಳಿಗೆ ಹುಳುಹುಪ್ಪಟೆಯ ಊಟ ಹೆಚ್ಚು, ಮೊಟ್ಟೆ ಕದಿಯಲು ಬರುವ ಅಳಿಲುಗಳನ್ನು ಇಬ್ಬರೂ ಸೇರಿ ಓಡಿಸುತ್ತಾರೆ. ಮೂವತ್ತಾರು-ಮೂವತ್ತೆಂಟು ದಿನಕ್ಕೆ ಮರಿ ಗೂಡು ಬಿಡುತ್ತದೆ. ಎಲ್ಲ ಕೂಡಿದರೆ ಎಪ್ಪತ್ತಾರು ದಿನದ ಆಸುಪಾಸು.

“ಕೊರೆಯೋ ಸದ್ದು ಯಾವಾಗ ಶುರುವಾಯ್ತು ಅಕ್ಕ?” ಎಂದು ಓರಗಿತ್ತಿಯನ್ನು ಕೇಳಿದೆ. ಅವರಿಗೆ ನೆನಪಿರಲಿಲ್ಲ. ಉತ್ತರ ಬಂದದ್ದು ಒಲೆಯ ಪಕ್ಕ ಕೂತಿದ್ದ ಅತ್ತೆಯಿಂದ. ಎಂಬತ್ತು ದಾಟಿದವರು, ಕಿವಿ ಮಂದ. “ಸಂಕ್ರಾಂತಿ ಆಗಿ ಒಂದು ವಾರಕ್ಕೆ. ಹಾಲು ಕರೀಲಿಕ್ಕೆ ಹೋದಾಗ ತಲೆ ಮೇಲೆ ಮರದ ಹೊಟ್ಟು ಉದುರ್ತಿತ್ತು” ಎಂದರು. ಬೆರಳು ಮಡಿಸಿ ಎಣಿಸಿದೆ. ಮರಿ ಹಾರುವುದು ಏಪ್ರಿಲ್ ಮೊದಲ ವಾರ. ಮಳೆಗಾಲಕ್ಕೆ ಅಲ್ಲಿಂದಲೂ ಎರಡು ತಿಂಗಳು ಇರುತ್ತದೆ.

ಭಾವ ಏನೂ ಹೇಳಲಿಲ್ಲ. ಮೈದುನ “ಆಳು ಎರಡು ಸಲ ಬಂದ್ರೆ ಎರಡು ಕೂಲಿ, ಕೊಡೋರು ಯಾರು?” ಎಂದ. “ನಾನು ಕೊಡ್ತೇನೆ” ಎಂದೆ. ಸಾಸಿವೆ ಡಬ್ಬಿಯ ದುಡ್ಡು ಇಂಥದಕ್ಕಲ್ಲದೆ ಮತ್ತೆ ಯಾವುದಕ್ಕೆ? ಆಗ ಅತ್ತೆ ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: “ಬಾಣಂತಿ ಇರೋ ಮನೇನ ಯಾರಾದ್ರೂ ಖಾಲಿ ಮಾಡಿಸ್ತಾರಾ? ನೀವು ಮೂರು ಜನ ಪಾಲು ಮಾಡ್ಕೊಳ್ಳಿ. ಆ ಮರ ಏಪ್ರಿಲ್ ತನಕ ನನ್ನ ಪಾಲು.”

ಅಲ್ಲಿಗೆ ಮಾತು ಮುಗಿಯಿತು. ಮರುದಿನ ಆಳು ಬಂದು ಕೊಟ್ಟಿಗೆಯ ಮೇಲೆ ವಾಲಿದ್ದ ಕೊಂಬೆಯನ್ನಷ್ಟೇ ಹಗ್ಗ ಕಟ್ಟಿ ಇಳಿಸಿದ. ಹಕ್ಕಿಗಳು ಆ ಹೊತ್ತೆಲ್ಲ ಹಲಸಿನ ಮರದಲ್ಲಿ ಕೂತು ಬೈಯುತ್ತಿದ್ದವು. ಕೊಡಲಿಯ ಸದ್ದು ನಿಂತು ಅರ್ಧ ಗಂಟೆಯಾದರೂ ಹತ್ತಿರ ಬರಲಿಲ್ಲ. ಇನ್ನು ಬರುವುದೇ ಇಲ್ಲವೇನೋ ಎಂದು ನನಗೆ ದಿಗಿಲು. ಕೊನೆಗೆ ತಾಯಿಯೋ ತಂದೆಯೋ (ಎರಡೂ ನೋಡಲು ಒಂದೇ ಥರ) ಹಾರಿ ಬಂದು ತೂತಿಗೆ ತಲೆ ಹಾಕಿತು. “ಹೋಯ್ತು ನೋಡು ಒಳಗೆ” ಎಂದವರು ಭಾವ. ಅವರೂ ಅಡಿಕೆ ಅಂಗಳದಿಂದ ನೋಡುತ್ತ ನಿಂತಿದ್ದರೆಂದು ಆಗಲೇ ನನಗೆ ಗೊತ್ತಾದದ್ದು.

ಹಕ್ಕಿಗಳಲ್ಲೂ ಪಾಲಾಯಿತು

ಪಾಲುಪಟ್ಟಿ ಬರೆಯುವ ಮಧ್ಯಾಹ್ನ ಗಂಡಸರು ಜಗಲಿಯಲ್ಲಿ ಕೂತಿದ್ದಾಗ, ಅಡುಗೆಮನೆಯಲ್ಲಿ ಓರಗಿತ್ತಿಯ ಮಗಳಿಗೆ ನಾನು ಇನ್ನೊಂದು ಪಾಲಿನ ಕತೆ ಹೇಳಿದೆ. ನಿಮಗೂ ಹೇಳುತ್ತೇನೆ.

ಹಕ್ಕಿಗಳಿಗೆ ಶಾಸ್ತ್ರೀಯ ಹೆಸರಿಡುವ ಪದ್ಧತಿ ಯೂರೋಪಿನಲ್ಲಿ ಹೊಸದಾಗಿ ಬಂದ ಕಾಲ. 1776ರಲ್ಲಿ ಕಂಚುಕುಟಿಗನಿಗೂ 1783ರಲ್ಲಿ ಬಿಳಿಗೆನ್ನೆಯ ಕುಟ್ರುವಿಗೂ ಅಲ್ಲಿನ ಪಂಡಿತರು ಹೆಸರಿಟ್ಟರು. ಎರಡನೆಯದಕ್ಕೆ ಇಟ್ಟವರು ಬೊಡ್ಡಾರ್ಟ್ ಎಂಬವರು. ಎರಡನ್ನೂ “ಬುಕ್ಕೊ” ಎಂಬ ಕುಲಕ್ಕೆ ಸೇರಿಸಿದರು, ಹಾಗೆಂದರೆ ಕೆನ್ನೆ. ಈಗ ಆ ಹೆಸರು ಉಳಿದಿರುವುದು ಅಮೆರಿಕದ ಬೇರೆಯೇ ಹಕ್ಕಿಗಳಿಗೆ. ಕೊಕ್ಕಿನ ಬುಡದಲ್ಲಿ ಬಿರುಗೂದಲಿರುವುದರಿಂದ ಇಂಗ್ಲಿಷಿನವರು ಇವನ್ನು “ಬಾರ್ಬೆಟ್” ಎಂದರು, ಅಂದರೆ ಗಡ್ಡದ ಹಕ್ಕಿ. ದಪ್ಪ ಕೊಕ್ಕು, ಗಡ್ಡ, ಗಾಢ ಬಣ್ಣ, ಮುಂದೆರಡು ಹಿಂದೆರಡು ಬೆರಳು, ಇವಿದ್ದ ಹಕ್ಕಿಗಳನ್ನೆಲ್ಲ ಏಷ್ಯಾ, ಆಫ್ರಿಕಾ, ಅಮೆರಿಕವೆನ್ನದೆ ಒಂದೇ ಕುಟುಂಬವೆಂದು ಬರೆದಿಟ್ಟರು. ದೊಡ್ಡ ಅವಿಭಕ್ತ ಕುಟುಂಬ. ಮರಕುಟಿಗ ಅವರ ದಾಯಾದಿ.

ಬಹಳ ಕಾಲ ಹೀಗೇ ನಡೆಯಿತು. 1980ರ ದಶಕದ ಹೊತ್ತಿಗೆ ಎಲುಬು, ಸ್ನಾಯುಗಳನ್ನು ಹೋಲಿಸಿ ನೋಡಿದವರಿಗೆ ಅನುಮಾನ ಬಂತು. ಆಮೇಲೆ ರಕ್ತಸಂಬಂಧವನ್ನೇ ಪತ್ತೆ ಮಾಡುವ ಡಿಎನ್‌ಎ ಪರೀಕ್ಷೆ ಬಂತು. 2004ರಲ್ಲಿ ಪ್ರಕಟವಾದ ಅಂಥ ಒಂದು ಅಧ್ಯಯನ ವಿಷಯವನ್ನು ಇನ್ನಷ್ಟು ಸ್ಪಷ್ಟಪಡಿಸಿತು. ತಿಳಿದದ್ದೇನು ಗೊತ್ತೇ? ಟೂಕನ್ ಎಂದು ಕೇಳಿದ್ದೀರಲ್ಲ, ದಕ್ಷಿಣ ಅಮೆರಿಕದ ಬಾಳೆಹಣ್ಣಿನಂಥ ಕೊಕ್ಕಿನ ಹಕ್ಕಿ? ಅಮೆರಿಕದ ಗಡ್ಡದ ಹಕ್ಕಿಗಳಿಗೆ ನಮ್ಮ ಕುಟ್ರುವಿಗಿಂತ ಆ ಟೂಕನ್ನೇ ಹತ್ತಿರದ ನೆಂಟ! ಒಂದೇ ಮನೆಯವರೆಂದು ಬರೆದಿಟ್ಟ ಪಟ್ಟಿಯಲ್ಲಿ ಖಾಸಾ ತಮ್ಮನನ್ನೇ ಹೊರಗಿಟ್ಟಿದ್ದ ಹಾಗಾಯಿತು.

ಹಾಗಾಗಿ ಪಾಲು ಮಾಡಲೇಬೇಕಾಯಿತು. ಏಷ್ಯಾದ ಸುಮಾರು 35 ಬಗೆಯವರಿಗೆ ಒಂದು ಮನೆ, ಆಫ್ರಿಕಾದವರಿಗೆ ಒಂದು, ಅಮೆರಿಕದವರಿಗೆ ಒಂದು. ಟೂಕನ್ನುಗಳದು ತಮ್ಮದೇ ಮನೆ. ಅತ್ತ ಟೂಕನ್ನೂ ಅಲ್ಲ, ಇತ್ತ ಕುಟ್ರುವೂ ಅಲ್ಲದ ಎರಡೇ ಎರಡು ಬಗೆಯ ಅಮೆರಿಕದ ಹಕ್ಕಿಗಳಿಗೆ ಪ್ರತ್ಯೇಕ ಬಿಡಾರ. ಹೀಗೆ ಒಟ್ಟು ಐದು ಒಲೆ.

ಹುಡುಗಿ ಕೇಳಿದಳು, “ಚಿಕ್ಕಮ್ಮ, ಹಾಗಾದ್ರೆ ಬಸರಿ ಮರದಲ್ಲಿದ್ದ ಮಂಗಟ್ಟೆಗೂ ಟೂಕನ್ನಿನ ಥರಾನೇ ಕೊಕ್ಕಿದೆಯಲ್ಲ?” ಒಳ್ಳೆಯ ಪ್ರಶ್ನೆ. ಇದ್ದರೇನು, ಅವೆರಡೂ ನೆಂಟರಲ್ಲ. ಕೊಂಬೆಯ ತುದಿಯ ಹಣ್ಣು ಕಿತ್ತು ತಿನ್ನುವ ಒಂದೇ ಕಸುಬು ಹಿಡಿದದ್ದರಿಂದ ಬೇರೆ ಬೇರೆ ವಂಶದವರಿಗೂ ಒಂದೇ ಥರದ ಉದ್ದ ಕೊಕ್ಕು ಬಂತು. ಮುಖ ನೋಡಿ ನೆಂಟಸ್ತಿಕೆ ಹೇಳಬಾರದೆನ್ನುವುದು ಇದಕ್ಕೇ.

ಇನ್ನೊಂದು ತಮಾಷೆ ಕೇಳಿ. ನಮ್ಮ ಏಷ್ಯಾದ ಕುಟ್ರುಗಳ ಕುಲಕ್ಕೆ “ಮೆಗಲೈಮ” ಎಂದು ಹೆಸರಿತ್ತು, ಎಂದರೆ ದೊಡ್ಡ ಗಂಟಲು. ದಿನವಿಡೀ ಕೂಗುವವಕ್ಕೆ ಒಪ್ಪುವ ಹೆಸರೇ. ಸುಮಾತ್ರಾ ಕಡೆಯ ಇನ್ನೊಂದು ಹಕ್ಕಿಗೆ ಮಾತ್ರ “ಸೈಲೋಪೋಗನ್” ಎಂಬ ಬೇರೆ ಕುಲ, ಎಂದರೆ ಬೋಳು ಗಡ್ಡ. 2013ರ ಅಧ್ಯಯನದಿಂದ ಆ ಹಕ್ಕಿಯೂ ಇವುಗಳ ನಡುವಿನದೇ ಎಂದು ಖಚಿತವಾಯಿತು. ಒಂದೇ ಕುಲವಾದರೆ ಮೊದಲು ಇಟ್ಟ ಹೆಸರೇ ನಿಲ್ಲಬೇಕೆಂಬುದು ನಿಯಮ. ಬೋಳು ಗಡ್ಡವೇ ಹಳೆಯದು. ಹೀಗಾಗಿ ನಮ್ಮ ಬಿಳಿಗೆನ್ನೆಯ ಕುಟ್ರು ಈಗ “ಸೈಲೋಪೋಗನ್ ವಿರಿಡಿಸ್”. ಕುಟುಂಬದ ಹೆಸರು ಮಾತ್ರ ಇನ್ನೂ “ಮೆಗಲೈಮಿಡೆ” ಎಂದೇ ಇದೆ. ಯಜಮಾನಿಕೆ ಬದಲಾದರೂ ಮನೆ ಮುಂದಿನ ಹಳೆಯ ಹಲಗೆ ಹಾಗೇ ಉಳಿದಂತೆ!

ನಮ್ಮ ಕೆಂಪು ಕುಪ್ಪಸದ ಮಲಬಾರ್ ಕುಟ್ರುವಿಗೆ ಪಾಲಿನಿಂದ ಒಳ್ಳೆಯದೇ ಆಯಿತು. ಅದನ್ನು ಹಿಂದೆ ಸಿಂಹಳದ ಒಂದು ಕುಟ್ರುವಿನ ಉಪಜಾತಿಯೆಂದು ಎಣಿಸುತ್ತಿದ್ದರು. ಆ ಹಕ್ಕಿಯ ಗಂಟಲು ಹಳದಿ-ಕಿತ್ತಳೆ, ನಮ್ಮದಕ್ಕೆ ಪೂರಾ ಕೆಂಪು. ಈಗ ಎರಡೂ ಬೇರೆ ಬೇರೆ ಜಾತಿಗಳು. ಇದರಿಂದ ಏನು ಲಾಭ ಎನ್ನುತ್ತೀರಾ? “ಇಲ್ಲಿ ಹೋದರೆ ಹೋಗಲಿ, ಅಲ್ಲಿದೆಯಲ್ಲ” ಎನ್ನುವ ಹಾಗಿಲ್ಲ. ಈ ಘಟ್ಟದಲ್ಲಿ ಹೋಯಿತೆಂದರೆ ಪ್ರಪಂಚದಿಂದಲೇ ಹೋದಂತೆ.

“ಪಾಲಾದ ಮೇಲೆ ಅವು ಮಾತಾಡ್ತಾವಾ?” ಎಂದಳು ಹುಡುಗಿ. ನಾನು ನಕ್ಕೆ. ಪಾಲಾದದ್ದು ಪುಸ್ತಕದಲ್ಲಿ, ಹಕ್ಕಿಗಳಿಗೆ ಅದರ ಗೊಡವೆಯೇ ಇಲ್ಲವೆಂದೆ. ಅವಳು ನಗಲಿಲ್ಲ. ಜಗಲಿಯ ಕಡೆ ನೋಡುತ್ತಿದ್ದಳು. ಅವಳು ಕೇಳಿದ್ದು ಹಕ್ಕಿಯ ವಿಷಯವಲ್ಲವೆಂದು ಆಗ ನನಗೆ ಹೊಳೆಯಿತು. “ನಾವು ಮಾತಾಡ್ತೇವೆ ಪುಟ್ಟಿ, ರಜೆಗೆ ಬರ್ತೇವೆ” ಎಂದು ಅವಳ ಜಡೆ ಹೆಣೆದು ಕಳಿಸಿದೆ.

ಆಮೇಲೆ

ಏಪ್ರಿಲ್ 4ರಂದು ಓರಗಿತ್ತಿಯ ಫೋನು ಬಂತು. ಒಂದು ಮರಿ ತೂತಿನಿಂದ ಹೊರಬಿದ್ದು ಹಲಸಿನ ಮರಕ್ಕೆ ಹಾರಿತಂತೆ. ಎರಡು ದಿನಕ್ಕೆ ಇನ್ನೊಂದು. ಮೂರನೆಯದು ಇತ್ತೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ಅತ್ತೆ ಪ್ರತಿದಿನ ಹಾಲಿನ ತಂಬಿಗೆ ಹಿಡಿದು ಕೊಟ್ಟಿಗೆಯ ಹಿಂದೆ ನಿಂತು ನೋಡುತ್ತಿದ್ದರಂತೆ.

ಮಾತು ಕೊಟ್ಟಂತೆ ತಿಂಗಳ ಕೊನೆಗೆ ಮರ ಕಡಿಸಿದರು. ನಾನು ಕಳಿಸಿದ ಕೂಲಿ ದುಡ್ಡನ್ನು ಭಾವ ಹಾಗೆಯೇ ವಾಪಸು ಕಳಿಸಿದರು. ತೂತಿದ್ದ ಕಾಂಡವನ್ನು ಮೈದುನ ಸೌದೆಗೆ ಹಾಕದೆ, ಹಲಸಿನ ಮರಕ್ಕೆ ತಂತಿಯಲ್ಲಿ ಬಿಗಿದು ಕಟ್ಟಿದ್ದಾನೆ. ಆ ಹಲಸಿನ ಮರ ಇರುವುದು ಭಾವನ ಪಾಲಿನಲ್ಲಿ! ಈ ವರ್ಷ ಅದರಲ್ಲಿ ಮಡಿವಾಳ ಹಕ್ಕಿ ಸಂಸಾರ ಹೂಡಿದೆಯಂತೆ. ಕೊರೆಯಲು ಬಾರದ ಎಷ್ಟೋ ಹಕ್ಕಿಗಳಿಗೆ ಕುಟ್ರು, ಮರಕುಟಿಗಗಳು ಬಿಟ್ಟುಹೋದ ಗೂಡೇ ಮನೆ.

ನೀವು ಹೋಗುವುದಾದರೆ

ಕುಟ್ರುಗಳ ಕೂಗು ಜೋರಾಗಿರುವುದು ಜನವರಿಯಿಂದ ಬೇಸಿಗೆಯ ಕೊನೆಯವರೆಗೆ. ಆಗುಂಬೆಗೆ ಫೆಬ್ರವರಿ, ಮಾರ್ಚ್ ಒಳ್ಳೆಯ ಕಾಲ. ಮಳೆಗಾಲದಲ್ಲಿ ಅಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಸುರಿಯುವ ಮಳೆ, ಜೊತೆಗೆ ಇಂಬಳದ ಕಾಟ. ಸೂರ್ಯಾಸ್ತ ನೋಡುವ ಕಟ್ಟೆಗೆ ಎಲ್ಲರೂ ಹೋಗುತ್ತಾರೆ. ನೀವು ಬೆಳಿಗ್ಗೆಯೂ ಒಮ್ಮೆ ಹೋಗಿ. ಹಣ್ಣಾದ ಆಲವೋ ಬಸರಿಯೋ ಸಿಕ್ಕರೆ ಅದರ ಕೆಳಗೆ ಒಂದು ಗಂಟೆ ಸುಮ್ಮನೆ ಕೂತುಬಿಡಿ. ಮಾಸಲು ಬಣ್ಣದ ಸೀರೆ ಅಥವಾ ಚೂಡಿದಾರ, ಹಿಡಿತವಿರುವ ಚಪ್ಪಲಿ, ಒಂದು ನೀರಿನ ಬಾಟಲಿ, ನಾಲ್ಕು ಅಕ್ಕಿರೊಟ್ಟಿ, ಇಷ್ಟಿದ್ದರೆ ಸಾಕು.

ಹೋಗಲಾಗದವರು ಬೇಸರಪಡಬೇಡಿ. ನಿಮ್ಮ ಬೀದಿಯಲ್ಲಿ ಗಸಗಸೆ ಹಣ್ಣಿನ ಮರವಿದ್ದರೆ ಕುಟ್ರು ತಾನಾಗಿ ಬರುತ್ತದೆ. ಹಿತ್ತಿಲಿನ ಒಣ ಕೊಂಬೆಯಿಂದ ಅಪಾಯವಿಲ್ಲದಿದ್ದರೆ ಅದನ್ನು ಹಾಗೇ ಬಿಡಿ. ಕಡಿಸಲೇಬೇಕಾದರೆ ಆಗಸ್ಟಿನಿಂದ ನವೆಂಬರಿನೊಳಗೆ ಕಡಿಸಿ. ಡಿಸೆಂಬರಿನಿಂದ ಜುಲೈವರೆಗೆ ಅವುಗಳ ಮರಿ ಮಾಡುವ ಕಾಲ. ಕಡಿಸುವ ಮುಂಚೆ ಕೊಂಬೆಯ ಮೇಲೂ ಮುಖ್ಯವಾಗಿ ಅಡಿಯಲ್ಲೂ ದುಂಡು ತೂತಿದೆಯೇ, ಕೆಳಗೆ ಮರದ ಹೊಟ್ಟು ಬಿದ್ದಿದೆಯೇ ಎಂದು ನೋಡಿ. ಐದು ನಿಮಿಷದ ಕೆಲಸ. ಆ ಐದು ನಿಮಿಷ ನಾನು ಅಂದು ನೋಡಿರಲಿಲ್ಲ.

ನಾಳೆ ಬೆಳಿಗ್ಗೆ ಹಾಲು ಕಾಯಿಸುವಾಗ ಕುಟ್ರೂ ಎಂದಿತೋ, ಒಂದು ಗಳಿಗೆ ಕಿಟಕಿಯ ಹತ್ತಿರ ಹೋಗಿ ನಿಲ್ಲಿ. ಹಾಲು ಉಕ್ಕದ ಹಾಗೆ ನೋಡಿಕೊಳ್ಳಿ, ಮತ್ತೆ!